ಹ್ಯಾಂಡಲ್ ಮತ್ತು ಗೆಳೆಯನು ಬರೆದ ವ್ಯಂಗ್ಯಚಿತ್ರ

ಮುಖದಲ್ಲಿ ಎದ್ದು ಕಾಣುವ ಒಂದಂಶವನ್ನು ಹಿಡಿದು ಅದನ್ನೇ ಹಿಗ್ಗಿಸುವುದು ವ್ಯಂಗ್ಯಭಾವಚಿತ್ರದ ಕ್ರಮ. ಅಧ್ಯಾಪಕರ ಮೀಸೆಯನ್ನೋ ಕನ್ನಡಕವನ್ನೋ ನೋಟುಪುಸ್ತಕದ ಕೊನೆಯ ಪುಟದಲ್ಲಿ ಹೀಗೆ ಬರೆಯದ ಹಳೆಯ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಹಾರಚನಕಾರನಾದ ಜಾರ್ಜ್ ಫ್ರೆಡೆರಿಕ್ ಹ್ಯಾಂಡಲನ ಅಂತಹ ಚಿತ್ರವೊಂದನ್ನು ಬರೆದವನು ಆತನ ಗೆಳೆಯನೇ.

ಹ್ಯಾಂಡಲ್ 1685ರಲ್ಲಿ ಜರ್ಮನಿಯ ಹಾಲೆ ಪಟ್ಟಣದಲ್ಲಿ ಜನಿಸಿದನು. ತಂದೆ ಕ್ಷೌರದೊಡನೆ ಶಸ್ತ್ರವೈದ್ಯವನ್ನೂ ನಡೆಸುತ್ತಿದ್ದವನು. ಮಗನು ನ್ಯಾಯಶಾಸ್ತ್ರ ಓದಬೇಕೆಂಬುದು ಅವನ ಹಂಬಲ. ಮಗನು ಸಂಗೀತದ ಬೆನ್ನು ಹತ್ತಿ ಹ್ಯಾಂಬರ್ಗ್, ಇಟಲಿಗಳನ್ನು ದಾಟಿ ಲಂಡನ್ನಿನಲ್ಲಿ ನೆಲೆಯೂರಿ, 1727ರಲ್ಲಿ ಆ ದೇಶದ ಪ್ರಜೆಯೂ ಆದನು. ಆತನ ಗೀತನಾಟಕಗಳನ್ನು ಆಡುತ್ತಿದ್ದ ರಂಗಮಂದಿರಕ್ಕೆ ದೃಶ್ಯಪಟಗಳನ್ನು ಬರೆದ ಜೋಸೆಫ್ ಗೂಪಿಗೂ ಆತನಿಗೂ ದೀರ್ಘಕಾಲದ ಸ್ನೇಹವಿತ್ತು.

ಹ್ಯಾಂಡಲ್ ಭೋಜನಪ್ರಿಯ. ಒಮ್ಮೆ ಗೂಪಿಯನ್ನು ಊಟಕ್ಕೆ ಕರೆದು, ಕೈ ಬಿಗಿಯಾಗಿದೆಯೆಂದು ಸಾಧಾರಣ ಊಟ ಬಡಿಸಿ, ತಾನು ಪಕ್ಕದ ಕೋಣೆಗೆ ಸರಿದು ಮೃಷ್ಟಾನ್ನವನ್ನು ಸವಿಯುತ್ತಿದ್ದುದು ಗೂಪಿಯ ಕಣ್ಣಿಗೆ ಬಿತ್ತೆಂದು ಕಥೆಯಿದೆ. ಕಥೆ ಹೇಗೇ ಇರಲಿ, ಚಿತ್ರವಂತೂ ಉಳಿದಿದೆ. ಹಂದಿಯ ಮೂತಿಯ ಹ್ಯಾಂಡಲ್ ಮದ್ಯದ ಪೀಪಾಯಿಯ ಮೇಲೆ ಕುಳಿತು ಆರ್ಗನ್ ನುಡಿಸುತ್ತಿದ್ದಾನೆ. ವಾದ್ಯಕ್ಕೆ ಮಾಂಸವೂ ಕೋಳಿಯೂ ಜೋತುಬಿದ್ದಿವೆ. ಗೆರೆಯ ಹಿಡಿತವನ್ನು ಮೆಚ್ಚಲೇಬೇಕು. ಗೂಪಿ ಸುಳ್ಳನ್ನು ಬರೆಯಲಿಲ್ಲ, ಕಂಡದ್ದರಲ್ಲಿ ಒಂದನ್ನಷ್ಟೇ ಬರೆದನು.

ಆ ಚಿತ್ರದಲ್ಲಿ ಕಾಣದ ಸಂಗತಿಗಳು ಬಹಳ. 1737ರಲ್ಲಿ ಹ್ಯಾಂಡಲನ ಬಲಗೈ ಸ್ವಾಧೀನ ತಪ್ಪಿತು. ಚೇತರಿಸಿಕೊಂಡು 1741ರಲ್ಲಿ ಸುಮಾರು ಮೂರೂವರೆ ವಾರಗಳಲ್ಲಿ 'ಮೆಸ್ಸಾಯ' ಎಂಬ ಮಹಾಕೃತಿಯನ್ನು ರಚಿಸಿದನು. ಮರುವರ್ಷ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ನಡೆದ ಅದರ ಪ್ರಥಮ ಪ್ರಯೋಗದ ಹಣವು ಎರಡು ಆಸ್ಪತ್ರೆಗಳಿಗೂ ಸಾಲ ತೀರಿಸಲಾಗದೆ ಸೆರೆಯಲ್ಲಿದ್ದವರ ಬಿಡುಗಡೆಗೂ ಸಂದಿತು. ಥಾಮಸ್ ಕೋರಮ್ ಎಂಬ ನಾವಿಕನು ಲಂಡನ್ನಿನಲ್ಲಿ ತೊರೆದ ಕೂಸುಗಳಿಗಾಗಿ ಸ್ಥಾಪಿಸಿದ ಆಶ್ರಮಕ್ಕಾಗಿ 1750ರಿಂದ ಅದೇ ಕೃತಿಯನ್ನು ವರ್ಷವರ್ಷವೂ ನುಡಿಸಲಾಯಿತು. ಗೂಪಿ ಯಾವ ವಾದ್ಯದ ಮುಂದೆ ಹಂದಿಯನ್ನು ಕೂರಿಸಿದನೋ ಅಂತಹ ಆರ್ಗನ್ನೊಂದನ್ನು ಆ ಆಶ್ರಮದ ಪ್ರಾರ್ಥನಾಮಂದಿರಕ್ಕೆ ಹ್ಯಾಂಡಲ್ ಕೊಡುಗೆಯಾಗಿ ಕೊಟ್ಟಿದ್ದನು. ಸ್ವತಃ ಮಕ್ಕಳಿಲ್ಲದ, ಮದುವೆಯೂ ಆಗದ ಮನುಷ್ಯ ಆತ.

ಚಿತ್ರದ ಅಚ್ಚುಪ್ರತಿ 1754ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಹ್ಯಾಂಡಲನ ಕಣ್ಣುಗಳು ಬಹುತೇಕ ನಂದಿಹೋಗಿದ್ದವು. ಊರೆಲ್ಲ ನೋಡಿ ನಕ್ಕ ತನ್ನ ಮುಖವನ್ನು ಆತನೊಬ್ಬನೇ ನೋಡಲಾರನು. ಆದರೂ ಆರ್ಗನ್ನಿನ ಮುಂದೆ ಕೂರುವುದನ್ನು ಬಿಡಲಿಲ್ಲ. ಸ್ವರಲಿಪಿ ಕಾಣದಿದ್ದರೂ ನೆನಪಿನಿಂದಲೂ ಮನೋಧರ್ಮದಿಂದಲೂ ನುಡಿಸಿದನು.

1759ರ ಏಪ್ರಿಲ್ 14ರಂದು ಆತನು ತೀರಿಕೊಂಡನು. ಅಶಕ್ತ ಸಂಗೀತಗಾರರ ನಿಧಿಗೆ 1,000 ಪೌಂಡುಗಳನ್ನೂ ತೊರೆದ ಕೂಸುಗಳ ಆಶ್ರಮಕ್ಕೆ 'ಮೆಸ್ಸಾಯ'ದ ಪ್ರತಿಯನ್ನೂ ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದನು. ಆ ಚಿತ್ರದ ದೆಸೆಯಿಂದ ಗೂಪಿಗೆ ಏನೂ ದಕ್ಕಲಿಲ್ಲವೆಂಬ ಮಾತಿದೆ. ಗೂಪಿಯೂ ಮುಂದೆ ಹತ್ತು ವರ್ಷಗಳಲ್ಲಿ, ಬಡತನದಲ್ಲೇ ಕಣ್ಮುಚ್ಚಿದನು.