ಬಿಸಿಲು ಅಳೆದ ಅನ್ನಾ ಮಣಿ ಮತ್ತು ಲೆಕ್ಕಕ್ಕೆ ಸಿಗದ ಇಟ್ಟಮಡು

ನೆಲಕ್ಕೆ ಬೀಳುವ ಮಳೆಯಲ್ಲಿ ಸುಮಾರು ಶೇ. 60ರಷ್ಟು ನದಿ ಸೇರುವುದೇ ಇಲ್ಲ. ಮಣ್ಣಿನಿಂದ ಆವಿಯಾಗಿ, ಎಲೆಗಳಿಂದ ಬಾಷ್ಪವಾಗಿ ವಾಪಸ್ ಆಕಾಶಕ್ಕೆ ಹೋಗುತ್ತೆ. ನಾನಿರುವ ಇಟ್ಟಮಡುವಿನ ರಸ್ತೆ ಬದಿಯ ಮರಗಳೂ ಇದೇ ಕೆಲಸ ಮಾಡ್ತಿವೆ. ಇದಕ್ಕೆ ಇವಾಪೊಟ್ರಾನ್ಸ್‌ಪಿರೇಶನ್ ಅಂತಾರೆ. ಯಾವ ಉಪಗ್ರಹವೂ ಇದನ್ನು ನೇರವಾಗಿ ಅಳೆಯಲಾರದು. ಅದಕ್ಕೆ ಕಾಣೋದು ನೆಲದ ಶಾಖ ಮತ್ತು ಹಸಿರು. ಉಳಿದದ್ದು ಬಿಸಿಲು, ಗಾಳಿ, ತೇವಾಂಶ ಇಟ್ಟುಕೊಂಡು ಹಾಕುವ ಲೆಕ್ಕ. ಆ ಲೆಕ್ಕ ಸರಿಯಾ ಅಂತ ನೋಡೋಕೆ ನೆಲದ ಮೇಲೆ ನಂಬಿಕಸ್ಥ ಉಪಕರಣ ಬೇಕು.

ಭಾರತದಲ್ಲಿ ಅಂಥ ಉಪಕರಣಗಳಿಗೆ ಬುನಾದಿ ಹಾಕಿದವರು ಅನ್ನಾ ಮಣಿ. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅವರು, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸಿ.ವಿ. ರಾಮನ್ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಧ್ಯಯನ ಮಾಡಿ ಐದು ಪ್ರಬಂಧ ಪ್ರಕಟಿಸಿದರು. ಆದರೂ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಎಂಎಸ್ಸಿ ಪದವಿ ಇಲ್ಲ ಅನ್ನೋದು ಕಾರಣ.

1945ರಲ್ಲಿ ಲಂಡನ್‌ಗೆ ಹೋಗಿ ಹವಾಮಾನ ಉಪಕರಣಗಳ ಬಗ್ಗೆ ಕಲಿತು, 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಸ್ವತಂತ್ರ ದೇಶ ಆಗ ಸರಳ ಉಪಕರಣಗಳಿಗೂ ವಿದೇಶದತ್ತ ನೋಡುತ್ತಿತ್ತು. ಮಣಿ ಸುಮಾರು ನೂರು ಉಪಕರಣಗಳ ನಕಾಶೆ ಸಿದ್ಧಪಡಿಸಿ, ಇಲ್ಲೇ ತಯಾರಾಗುವಂತೆ ಮಾಡಿದರು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಬಿಸಿಲು, ಗಾಳಿ ಅಳೆಯುವ ಉಪಕರಣಗಳಿಗಾಗಿ ಬೆಂಗಳೂರಿನಲ್ಲೇ ಸಣ್ಣ ಕಾರ್ಖಾನೆ ತೆರೆದರು. ಭಾರತದ ಬಿಸಿಲಿನ ಅಂಕಿಅಂಶಗಳನ್ನು 1980 ಮತ್ತು 1981ರಲ್ಲಿ ಎರಡು ಗ್ರಂಥಗಳಾಗಿ ಕೊಟ್ಟರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ಅವರ ಕೆಲಸ ಮುಗಿದಿಲ್ಲ ಅನ್ನೋದಕ್ಕೆ ನಮ್ಮ ಬಡಾವಣೆಗಳೇ ಸಾಕ್ಷಿ. ನಾಸಾದ ಮೋಡಿಸ್ ಉಪಕರಣ ಆಧರಿಸಿದ ಜಾಗತಿಕ ನಕ್ಷೆ ಇದೆ; 500 ಮೀಟರ್ ಚೌಕಗಳಲ್ಲಿ, ಎಂಟು ದಿನಕ್ಕೊಮ್ಮೆ ನೆಲದಿಂದ ಎಷ್ಟು ನೀರು ಆವಿಯಾಯ್ತು ಅಂತ ಅಂದಾಜು ಕೊಡುತ್ತೆ. ಆದರೆ ನಗರ ಅಂತ ಗುರುತಾದ ಚೌಕಗಳನ್ನು ಖಾಲಿ ಬಿಡುತ್ತೆ. ಹೆಸರಲ್ಲೇ ಮಡು ಇಟ್ಟುಕೊಂಡಿರುವ ನಮ್ಮೂರಿನಂಥ ಕಾಂಕ್ರೀಟ್ ಬಡಾವಣೆಗಳಿಗೆ ಅಲ್ಲಿ ಲೆಕ್ಕವಿಲ್ಲ.

ಕಾವೇರಿ ನೀರಿಗೆ, ಟ್ಯಾಂಕರ್ ದರಕ್ಕೆ ನಾವು ಬೀದಿಗಿಳಿತೀವಿ, ಇಳೀಲೇಬೇಕು. ಆದರೆ ಒಂದು ಸಾಲುಮರ ಕಡಿದಾಗ ಎಷ್ಟು ತಂಪು ಹೋಯ್ತು ಅಂತ ಕೇಳೋಕೆ ನಮ್ಮ ಕೈಯಲ್ಲಿ ಅಂಕಿಯೇ ಇಲ್ಲ. ಅಳತೆ ಇಲ್ಲದ ನಷ್ಟಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಅದಕ್ಕೇ ವಾರ್ಡಿಗೊಂದು ಹವಾಮಾನ ಕೇಂದ್ರ, ಅದರ ಅಂಕಿ ಜನರ ಕೈಗೆ: ಇದನ್ನೂ ನಮ್ಮ ಬೇಡಿಕೆಗಳ ಪಟ್ಟಿಗೆ ಸೇರಿಸೋಣ.