ನಾಣ್ಯಸಂಗ್ರಾಹಕ ಸರ್ ವಾಲ್ಟರ್ ಎಲಿಯಟ್

ಚನ್ನರಾಯಪಟ್ಟಣದ ನಮ್ಮ ಕಾಲೇಜಿನಲ್ಲಿ ಹೊಯ್ಸಳರ ಶಾಸನಗಳನ್ನು ಪಾಠ ಹೇಳುವಾಗ ವಿಷ್ಣುವರ್ಧನನ ಬಿರುದುಗಳ ಪ್ರಸ್ತಾಪ ಬಂದೇ ಬರುತ್ತದೆ. ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡು ಅವನು ತಳಕಾಡುಗೊಂಡನೆನಿಸಿದನು. ಕೆಲವು ವರ್ಷಗಳ ಹಿಂದೆ ಈ ಪಾಠವನ್ನು ಮುಗಿಸಿ ಹೊರಗೆ ಬರುತ್ತಿದ್ದಾಗ, ತಾಲ್ಲೂಕಿನ ಒಂದು ಹಳ್ಳಿಯ ವಿದ್ಯಾರ್ಥಿಯೊಬ್ಬನು ನನ್ನನ್ನು ನಿಲ್ಲಿಸಿ ಒಂದು ಸಂಗತಿಯನ್ನು ಹೇಳಿದನು. ಅವನ ತಾತನಿಗೆ ಕೊಟ್ಟಿಗೆಯ ಪಾಯ ತೋಡುವಾಗ ಒಂದು ಪುಟ್ಟ ಚಿನ್ನದ ಬಿಲ್ಲೆ ಸಿಕ್ಕಿದ್ದಿತಂತೆ. ಅದರ ಒಂದು ಬದಿಯಲ್ಲಿ ಸಿಂಹದಂತಹ ಪ್ರಾಣಿ, ಇನ್ನೊಂದು ಬದಿಯಲ್ಲಿ ಮೂರು ಸಾಲು ಅಕ್ಷರ. ಈಗ ಅದು ಎಲ್ಲಿದೆಯೆಂದು ನಾನು ಆತುರದಿಂದ ಕೇಳಿದೆನು. ಅವನ ಸೋದರತ್ತೆಯ ಮದುವೆಯ ಕಾಲಕ್ಕೆ ಅದನ್ನು ಅಕ್ಕಸಾಲಿಗರಿಗೆ ಕೊಟ್ಟು ಕರಗಿಸಿ ಓಲೆ ಮಾಡಿಸಿದರಂತೆ.

ಆ ಮನೆಯವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ಬಡವರ ಮನೆಗೆ ಬಂದ ಚಿನ್ನವು ಹೆಣ್ಣುಮಗಳ ಕಿವಿಯನ್ನು ಸೇರುವುದು ಸಹಜವೇ. ಆದರೂ ಆ ರಾತ್ರಿ ನಿದ್ರೆ ಬೇಗ ಹತ್ತಲಿಲ್ಲ. ಎದ್ದು, ನನ್ನಲ್ಲಿದ್ದ ಒಂದು ಹಳೆಯ ಗ್ರಂಥದ ಪ್ರತಿಯನ್ನು ತೆರೆದು ಚಿತ್ರಪಟಗಳನ್ನು ತಿರುವಿದೆನು. ಅಲ್ಲಿ ಅಂಥದೇ ಬಿಲ್ಲೆಯಿದ್ದಿತು. ಅದೇ ಮೃಗ, ಅದೇ ಮೂರು ಸಾಲು. ಒಂದು ಕರಗಿತು, ಇನ್ನೊಂದು ಉಳಿಯಿತು. ಉಳಿಸಿದವರು ನಮ್ಮ ನಾಡಿನವರಲ್ಲ, ನಮ್ಮನ್ನು ಆಳಲು ಬಂದವರಲ್ಲೊಬ್ಬರು. ಅವರೇ ಸರ್ ವಾಲ್ಟರ್ ಎಲಿಯಟ್ಟರು. ಅವರ ಹೆಸರನ್ನು ಕನ್ನಡಿಗರು ಬಲ್ಲರು. ಬಾಳನ್ನು ಬಲ್ಲವರು ಕಡಮೆ.

ಎಲಿಯಟ್ಟರು ಹುಟ್ಟಿದುದು 1803ರ ಜನವರಿ 16ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಅವರ ತಂದೆ ಜೇಮ್ಸ್ ಎಲಿಯಟ್ಟರು ಆ ದೇಶದ ದಕ್ಷಿಣ ಗಡಿಯಲ್ಲಿರುವ ವುಲ್ಫ್‌ಲೀ ಎಂಬ ಜಹಗೀರಿನ ಒಡೆಯರು. ಕಂಪನಿಯ ಅಧಿಕಾರಿಗಳನ್ನು ತರಬೇತು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ, 1821ರಲ್ಲಿ ಅವರು ಮದರಾಸಿಗೆ ಬಂದಿಳಿದರು. ಆಗ ಅವರಿಗೆ ಹದಿನೆಂಟು ವರ್ಷ. ಸೇಲಮಿನಲ್ಲಿ ಕೆಲಕಾಲ ಕೆಲಸ ಮಾಡಿದ ಮೇಲೆ ಧಾರವಾಡದ ಕಡೆಗೆ ವರ್ಗವಾಯಿತು. ಪೇಶವೆಯರಿಂದ ಕಂಪನಿಯ ವಶಕ್ಕೆ ಹೊಸದಾಗಿ ಬಂದಿದ್ದ ಆ ಸೀಮೆಯನ್ನು ಇಂಗ್ಲಿಷರು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಹೆಸರು ಮರಾಠಾ, ಜನರ ನುಡಿ ಕನ್ನಡ.

ಅಲ್ಲಿ ಅವರನ್ನು ಎದುರುಗೊಂಡುದು ಕಿತ್ತೂರಿನ ಕದನ. ದೊರೆ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಒಪ್ಪದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಸಂಸ್ಥಾನದ ಭಂಡಾರಕ್ಕೆ ಮುದ್ರೆ ಹಾಕಿಸಿದ ಕಥೆಯನ್ನು ವಾಚಕರು ಬಲ್ಲರು. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆಯ ಎದುರು ಥ್ಯಾಕರೆ ಕೋಟೆಯ ಬಳಿ ಹತನಾದನು. ಅವನ ಸಹಾಯಕರಾಗಿ ಬಂದಿದ್ದ ಸ್ಟೀವನ್‌ಸನ್ ಮತ್ತು ಎಲಿಯಟ್ಟರು ಸೆರೆಯಾದರು. ಇಪ್ಪತ್ತೊಂದರ ಆ ತರುಣನು ಒಂದು ತಿಂಗಳಿಗೂ ಮೀರಿ ಕನ್ನಡದ ರಾಣಿಯ ಕೋಟೆಯಲ್ಲಿ ಒತ್ತೆಯಾಳಾಗಿದ್ದನು. ಸೆರೆಯವರಿಗೆ ರಾಣಿ ಪ್ರಾಣಹಾನಿ ಮಾಡಲಿಲ್ಲ. ಅವರು ಕ್ಷೇಮವಾಗಿ ಹೊರಗೆ ಬಂದರು. ಅದಾದ ಸ್ವಲ್ಪದರಲ್ಲಿಯೇ, ಡಿಸೆಂಬರ್ ಮೊದಲ ವಾರದಲ್ಲಿ, ಕಂಪನಿಯ ಸೈನ್ಯವು ಕೋಟೆಯನ್ನು ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಮುಚ್ಚಿದಳು. ಒತ್ತೆಯಾಳಾಗಿದ್ದವರು ಐವತ್ತೆಂಟು ವರ್ಷ ಹೆಚ್ಚು ಬಾಳಿದರು. ಸೆರೆಯಿಂದ ಬಿಡುಗಡೆಯಾದವರು ಆ ನಾಡನ್ನು ದ್ವೇಷಿಸಿದ್ದರೆ ಆಶ್ಚರ್ಯವಿರಲಿಲ್ಲ. ಎಲಿಯಟ್ಟರು ಅಲ್ಲಿಯೇ ನಿಂತು, ಆ ನಾಡಿನ ನುಡಿಯನ್ನು ಕಲಿತು, ಅದರ ಕಲ್ಲುಗಳನ್ನು ಓದಲು ಹೊರಟರು.

ಧಾರವಾಡದ ಸೀಮೆಯಲ್ಲಿ ಅವರು ಕಳೆದ ವರ್ಷಗಳೇ ಅವರ ಬಾಳಿನ ತಿರುಳೆಂದು ನಾನು ಭಾವಿಸುತ್ತೇನೆ. ಹಳ್ಳಿಹಳ್ಳಿಯ ಗುಡಿಗಳಲ್ಲಿ, ಕೆರೆಯ ಏರಿಗಳ ಮೇಲೆ ಶಾಸನಗಳು ನಿಂತಿದ್ದುವು. ನೋಡುವವರು ಇದ್ದರು, ಓದುವವರು ವಿರಳ. ಸ್ಥಳದ ಪಂಡಿತರ ನೆರವಿನಿಂದ ಎಲಿಯಟ್ಟರು ಪ್ರತಿಗಳನ್ನು ಮಾಡಿಸಿದರು. ಹಳಗನ್ನಡ ಲಿಪಿಯ ಅಕ್ಷರಮಾಲೆಯೊಂದನ್ನು 1833ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚು ಹಾಕಿಸಿದರು. ಅಂದಿನ ಧಾರವಾಡದ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ ಕನ್ನಡ ಶಾಲೆಗಳ ಪರವಾಗಿ ನಿಂತವರಲ್ಲಿ ಅವರೂ ಒಬ್ಬರು. ಅವರು ಕೂಡಿಸಿದ ಶಾಸನಗಳ ಸಂಖ್ಯೆ 595. ಇವುಗಳ ಆಧಾರದಿಂದ ಅವರು ಬರೆದ ಪ್ರಬಂಧವು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ದೇವಗಿರಿಯ ಯಾದವರು, ಇವರೆಲ್ಲರ ವಂಶಾವಳಿಗಳಿಗೆ ಒಂದು ಕ್ರಮ ದೊರೆತುದು ಅಲ್ಲಿ. ಮುಂದೆ 1882ರಲ್ಲಿ ಫ್ಲೀಟರು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದಾಗ ಅವರು ನಡೆದ ದಾರಿಯನ್ನು ಮೊದಲು ಸವರಿದ್ದವರು ಎಲಿಯಟ್ಟರು.

ಕಲ್ಲಿನಿಂದ ಅವರ ದೃಷ್ಟಿ ಲೋಹಕ್ಕೆ ಹರಿಯಿತು. ಶಾಸನವು ನಿಂತಲ್ಲಿಯೇ ನಿಲ್ಲುತ್ತದೆ. ನಾಣ್ಯ ಕೈಯಿಂದ ಕೈಗೆ ಓಡುತ್ತದೆ. ಕಲ್ಲು ದಾನವನ್ನೂ ವೀರನ ಸಾವನ್ನೂ ಹೇಳಿದರೆ ನಾಣ್ಯವು ಅರಸನ ಲಾಂಛನವನ್ನು ಸಂತೆಯವರೆಗೆ ಮುಟ್ಟಿಸುತ್ತದೆ. ಚಾಲುಕ್ಯರ ಲಾಂಛನವಾದ ವರಾಹವೇ ಚಿನ್ನದ ನಾಣ್ಯಕ್ಕೆ ಹೆಸರಾಗಿ, ಆ ಅರಸರು ಅಳಿದು ಶತಮಾನಗಳಾದ ಮೇಲೂ ನಮ್ಮ ಅಜ್ಜಂದಿರ ಲೆಕ್ಕದ ಕಡತಗಳಲ್ಲಿ ವರಾಹ ಉಳಿದಿದ್ದಿತು. ನಡುವೆ ತಾವರೆಯ ಗುರುತಿದ್ದು, ಸುತ್ತಲೂ ಅಕ್ಷರಗಳನ್ನೂ ಲಾಂಛನಗಳನ್ನೂ ಬಿಡಿಬಿಡಿ ಅಚ್ಚುಗಳಿಂದ ಒತ್ತಿದ, ಬಟ್ಟಲಿನಂತೆ ತುಸು ಬಾಗಿದ ಚಿನ್ನದ ನಾಣ್ಯಗಳು ಪದ್ಮಟಂಕಗಳು. ಹೊಯ್ಸಳರದು ಬೇರೆಯ ಬಗೆ. ಎರಡು ಅಚ್ಚುಗಳ ನಡುವೆ ಚಿನ್ನವನ್ನಿಟ್ಟು ಏಟು ಹಾಕಿದಾಗ ಎರಡು ಮೈಗಳೂ ಒಮ್ಮೆಗೇ ಮೂಡುತ್ತವೆ. ಒಂದು ಮೈಯಲ್ಲಿ ಕೇಸರವುಳ್ಳ ಮೃಗ, ಅದರ ಮೇಲೆ ಇನ್ನೊಂದು ಪುಟ್ಟ ಮೃಗ, ಸೂರ್ಯ, ಚಂದ್ರ; ಇನ್ನೊಂದು ಮೈಯಲ್ಲಿ ಮೂರು ಸಾಲಿನ ಕನ್ನಡ. ತೂಕ ಸುಮಾರು 4 ಗ್ರಾಂ, ಅಗಲ ಹೆಬ್ಬೆರಳಿನ ಉಗುರಿನಷ್ಟು. ಕೆಲವು ನಾಣ್ಯಗಳ ಮೇಲೆ ತಳಕಾಡನ್ನು ಗೆದ್ದ ಬಿರುದು, ಕೆಲವುಗಳ ಮೇಲೆ ನೊಳಂಬವಾಡಿಯನ್ನು ಗೆದ್ದ ಬಿರುದು. ಇವೆರಡೂ ಎಲಿಯಟ್ಟರ ಸಂಗ್ರಹದಲ್ಲಿದ್ದುವು. ಅರಸನ ಹೆಸರಿಲ್ಲದೆ ಬಿರುದೊಂದನ್ನೇ ಹೊತ್ತ ಆ ಚಿನ್ನವು ನಾಣ್ಯವೂ ಹೌದು, ವಿಜಯದ ಪದಕವೂ ಹೌದು.

ಪದಕವೆಂದಾಗ ದೂರದ ಒಂದು ನಿದರ್ಶನ ನೆನಪಾಗುತ್ತದೆ. ಅಮೆರಿಕದಲ್ಲಿ 1930ರಲ್ಲಿ ಪದಕಶಿಲ್ಪಿಗಳ ಒಂದು ಸಂಘ ಹುಟ್ಟಿತು. ಹೆಸರಾಂತ ಶಿಲ್ಪಿಗಳಿಂದ ಕಂಚಿನ ಪದಕಗಳನ್ನು ರಚಿಸಿ, ವರ್ಷಕ್ಕೆ ಎರಡರಂತೆ ಚಂದಾದಾರರಿಗೆ ಕಳುಹಿಸುವುದು ಅದರ ಕೆಲಸ. ಮೊದಲನೆಯ ಪದಕವನ್ನು ರಚಿಸಿದವರು ಲಾರಾ ಗಾರ್ಡಿನ್ ಫ್ರೇಸರ್ ಎಂಬ ಮಹಿಳೆ. ಆ ಮಾಲೆ 1995ರವರೆಗೂ ನಡೆಯಿತು. ಇಂದಿಗೂ ಅವುಗಳನ್ನು ಆಸ್ಥೆಯಿಂದ ಕೂಡಿಡುವವರಿದ್ದಾರೆ. ಆ ಕಂಚನ್ನು ಕರಗಿಸಬೇಕೆಂದು ಯಾರಿಗೂ ತೋರದು. ಕರಗಿಸಿದರೆ ಸಿಗುವುದು ಬಿಡಿಕಾಸು. ಅದರ ಬೆಲೆಯೆಲ್ಲ ಶಿಲ್ಪಿಯ ಕೈಯಲ್ಲಿದೆ. ನಮ್ಮ ಹಳೆಯ ನಾಣ್ಯಗಳ ದುರದೃಷ್ಟವೆಂದರೆ ಅವು ಚಿನ್ನದವು. ಅವುಗಳ ಲೋಹವೇ ಅವುಗಳ ಶತ್ರುವಾಯಿತು. ನೆಲದಿಂದೆದ್ದ ಬಿಲ್ಲೆ ಚಿನಿವಾರನ ತಕ್ಕಡಿಯನ್ನೇರಿ, ಅಲ್ಲಿಂದ ಅಕ್ಕಸಾಲೆಯ ಮೂಸೆಗೆ ಇಳಿಯುತ್ತಿದ್ದಿತು. ಆ ತಕ್ಕಡಿಗೂ ಮೂಸೆಗೂ ನಡುವೆ ನಿಂತು, ಚಿನ್ನಕ್ಕಲ್ಲ, ಅದರ ಮೇಲಿನ ಅಕ್ಷರಕ್ಕೆ ಬೆಲೆ ಕೊಡುವವನೇ ನಿಜವಾದ ಸಂಗ್ರಾಹಕ.

ಶಿಲ್ಪಿಯ ಕೈಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ನಮ್ಮ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಗೋಡೆಯ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳನ್ನು ಇಂದಿಗೂ ಓದಬಹುದು. ಕಲ್ಲನ್ನು ಕಡೆದವನು ಹೆಸರು ಬಿಟ್ಟು ಹೋದನು. ನಾಣ್ಯದ ಅಚ್ಚನ್ನು ಕೊರೆದವನು ಬಿಡಲಿಲ್ಲ. ಉಗುರಗಲದ ಜಾಗದಲ್ಲಿ ಮೃಗವನ್ನು ಕೆರಳಿಸಿ, ಅಚ್ಚಿನಲ್ಲಿ ಕನ್ನಡವನ್ನು ತಿರುಗುಮುರುಗಾಗಿ ಕೊರೆದ ಆ ಕುಶಲಿಯ ಗುರುತು, ಉಳಿದಿರುವ ನಾಣ್ಯಗಳಲ್ಲದೆ ಬೇರೆ ಇಲ್ಲ. ಒಂದು ನಾಣ್ಯ ಕರಗಿದರೆ ಅವನ ಆಯುಷ್ಯದಲ್ಲಿ ಒಂದು ದಿನ ಕಡಮೆಯಾದಂತೆ.

ಎಲಿಯಟ್ಟರು 1833ರ ಕೊನೆಯಲ್ಲಿ ರಜೆಯ ಮೇಲೆ ತಾಯ್ನಾಡಿಗೆ ಹೋಗಿ, 1836ರಲ್ಲಿ ಹಿಂದಿರುಗಿದರು. ಬಂಧುವಾದ ಮದರಾಸಿನ ಗವರ್ನರ್ ಎಲ್ಫಿನ್‌ಸ್ಟನ್ ಪ್ರಭುವಿಗೆ ಕಾರ್ಯದರ್ಶಿಗಳಾದರು. ಆಮೇಲೆ ಗುಂಟೂರು, ಉತ್ತರ ಸರ್ಕಾರ್ ಜಿಲ್ಲೆಗಳ ಕಮಿಷನರ್ ಪದವಿ, 1854ರಿಂದ ಮದರಾಸಿನ ಆಡಳಿತ ಮಂಡಲಿಯ ಸದಸ್ಯತ್ವ. ಕಂಪನಿಯ ಆಳ್ವಿಕೆ ಮುಗಿದು ರಾಣಿ ವಿಕ್ಟೋರಿಯಾಳ ಆಳ್ವಿಕೆ ಬಂದಿತೆಂದು 1858ರಲ್ಲಿ ಮದರಾಸಿನಲ್ಲಿ ಸಾರುವ ಹೊಣೆಯೂ, ಗವರ್ನರ್ ಅಸ್ವಸ್ಥರಾಗಿದ್ದುದರಿಂದ, ಅವರ ಪಾಲಿಗೇ ಬಂದಿತು. ಒಬ್ಬ ರಾಣಿಯ ಸೆರೆಯಾಳಾಗಿ ಬಾಳನ್ನಾರಂಭಿಸಿದವರು ಇನ್ನೊಬ್ಬ ರಾಣಿಯ ಘೋಷಣೆಯನ್ನು ಓದಿದರು. ಈ ನಡುವೆ ಹಕ್ಕಿ, ಪ್ರಾಣಿ, ಗಿಡಗಳ ಸಂಗ್ರಹವೂ ನಡೆಯುತ್ತಲೇ ಇದ್ದಿತು. ಪಾರಿವಾಳಗಳ ಮತ್ತು ಕೋಳಿಗಳ ಚರ್ಮಗಳನ್ನು ಅವರು ಡಾರ್ವಿನ್ನರಿಗೆ ಕಳುಹಿಸಿಕೊಟ್ಟರು. ಪೊದೆಯಲ್ಲಿ ವಾಸಿಸುವ ಒಂದು ಜಾತಿಯ ಇಲಿಗೂ ಶಾಸ್ತ್ರಜ್ಞರು ಅವರ ಹೆಸರನ್ನಿಟ್ಟಿದ್ದಾರೆ.

ಇಲ್ಲಿ ಒಂದು ಪ್ರಶ್ನೆಯನ್ನು ಎದುರಿಸದೆ ಮುಂದೆ ಹೋಗಲಾಗದು. 1845ರಲ್ಲಿ ಎಲಿಯಟ್ಟರು ಅಮರಾವತಿಯ ಸ್ತೂಪವನ್ನು ಅಗೆಸಿ, ಬೌದ್ಧ ಶಿಲ್ಪಗಳನ್ನು ಮದರಾಸಿಗೆ ಸಾಗಿಸಿದರು. ಅಲ್ಲಿ ಅವು ವರ್ಷಗಟ್ಟಲೆ ಬಿಸಿಲು ಮಳೆಗಳಲ್ಲಿ ಬಿದ್ದಿದ್ದು, 1859ರಲ್ಲಿ ಹಡಗನ್ನೇರಿ ಇಂಗ್ಲೆಂಡಿಗೆ ಹೋದುವು. ಕೊನೆಗೆ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದುವು. ಎಲಿಯಟ್ ಶಿಲೆಗಳೆಂದೇ ಅವುಗಳಿಗೆ ಬಹುಕಾಲ ಹೆಸರು. ನಾಣ್ಯಗಳೂ ಅದೇ ಮ್ಯೂಸಿಯಮ್ಮಿನ ಪಾಲಾದುವು. ಇದು ರಕ್ಷಣೆಯೋ ಅಪಹರಣವೋ ಎಂದು ತರಗತಿಯಲ್ಲಿ ಹುಡುಗರು ನನ್ನನ್ನು ಕೇಳಿದ್ದಾರೆ. ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ನಾಡನ್ನು ಸೋಲಿಸಿದ ಬಲವೇ ಆ ವಸ್ತುಗಳನ್ನು ಕೊಂಡೊಯ್ಯುವ ಹಕ್ಕನ್ನು ತಾನೇ ತಾನಾಗಿ ಪಡೆದುಕೊಂಡಿತು. ಇದನ್ನು ಮರೆತು ಎಲಿಯಟ್ಟರನ್ನು ಹೊಗಳುವುದು ಸರಿಯಲ್ಲ. ಆದರೆ ವಸ್ತು ದೂರವಾದರೂ ಅರ್ಥವನ್ನು ಅವರು ನಮಗೆ ಬಿಟ್ಟುಹೋದರು. ಓದಿ, ಬರೆದು, ಚಿತ್ರ ಬಿಡಿಸಿ, ಅಚ್ಚು ಹಾಕಿಸಿ ಬಿಟ್ಟುಹೋದರು. ಮೂಸೆಗೆ ಬಿದ್ದುದು ವಸ್ತುವನ್ನೂ ಅರ್ಥವನ್ನೂ ಒಟ್ಟಿಗೆ ಕಳೆದುಕೊಂಡಿತು. ಇದನ್ನು ಮರೆತು ಅವರನ್ನು ತೆಗಳುವುದೂ ಸರಿಯಲ್ಲ.

1860ರಲ್ಲಿ ನಿವೃತ್ತರಾಗಿ ಅವರು ವುಲ್ಫ್‌ಲೀಗೆ ಮರಳಿದರು. 1866ರಲ್ಲಿ ಸರ್ ಪದವಿ ಬಂದಿತು. 1878ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಮೊದಲಿನಿಂದಲೂ ಮಂದವಾಗಿದ್ದ ಅವರ ದೃಷ್ಟಿ ಮುಪ್ಪಿನಲ್ಲಿ ಬಹುಮಟ್ಟಿಗೆ ಅಡಗಿತು. ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಅವರ ಗ್ರಂಥ ಸಿದ್ಧವಾಗಿ 1885-86ರಲ್ಲಿ ಹೊರಬಂದುದು ಈ ಸ್ಥಿತಿಯಲ್ಲಿಯೇ. ಅಂದು ರಾತ್ರಿ ನಾನು ತೆರೆದುದು ಅದೇ ಗ್ರಂಥ. ಸ್ಕಾಟ್ಲೆಂಡಿನ ಚಳಿಯಲ್ಲಿ, ಬೆಂಕಿಯ ಮುಂದೆ ಕುಳಿತು, ಎಂಬತ್ತು ಮೀರಿದ ಮುದುಕರೊಬ್ಬರು ಕಾಣದ ಕಣ್ಣುಗಳನ್ನು ಮುಚ್ಚಿ, ಹೊಯ್ಸಳರ ಚಿನ್ನವನ್ನು ಬೆರಳ ತುದಿಯಿಂದ ಸವರುತ್ತಿರುವ ಚಿತ್ರವನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಕಣ್ಣು ಕೈಬಿಟ್ಟ ಮೇಲೂ ಅವರಿಗೆ ನೆನಪು ಉಳಿದಿದ್ದಿತು. ಅರುವತ್ತು ವರ್ಷ ಹಿಂದೆ ಕಲಿತ ಅಕ್ಷರ ಉಳಿದಿದ್ದಿತು.

1887ರ ಮಾರ್ಚ್ 1ರ ಬೆಳಗ್ಗೆ ಅವರು ತಮಿಳು ವಿದ್ವಾಂಸರಾದ ಪೋಪರಿಗೆ ಒಂದು ಪತ್ರವನ್ನು ಹೇಳಿ ಬರೆಯಿಸಿ ಸ್ವಹಸ್ತದಿಂದ ರುಜು ಹಾಕಿದರು. ಪೋಪರು ತರಲಿದ್ದ ತಿರುಕ್ಕುರಳಿನ ಆವೃತ್ತಿಗೆ, ತಮ್ಮ ಬಳಿಯಿದ್ದ ಎಲ್ಲಿಸರ ಹಸ್ತಪ್ರತಿಗಳು ಉಪಯೋಗಕ್ಕೆ ಬಂದಾವೇ ಎಂದು ಅದರಲ್ಲಿ ಕೇಳಿದ್ದರು. ಅಂದಿನ ಸಂಜೆಯೇ ಅವರು ತೀರಿಕೊಂಡರು. ಕೂಡಿಟ್ಟುದನ್ನು ಇನ್ನೊಬ್ಬರ ಕೈಗೆ ಕೊಡಬೇಕೆಂಬ ಕಾತರವೇ ಅವರ ಕಡೆಯ ಕೆಲಸವಾಯಿತು.

ಮರುದಿನ ನಾನು ಆ ಗ್ರಂಥವನ್ನು ಕಾಲೇಜಿಗೆ ಕೊಂಡುಹೋಗಿ ವಿದ್ಯಾರ್ಥಿಗೆ ಚಿತ್ರವನ್ನು ತೋರಿಸಿದೆನು. ಹಳಗನ್ನಡ ಅಕ್ಷರಗಳ ಪಟವನ್ನು ಪಕ್ಕದಲ್ಲಿಟ್ಟುಕೊಂಡು ಅವನು ಒಂದೊಂದನ್ನೇ ಕೂಡಿಸಿ, ಮೂರು ಸಾಲುಗಳನ್ನೂ ತಾನೇ ಓದಿದನು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು ನಮ್ಮ ರಾಜ್ಯದಲ್ಲಿ 1962ರ ಕಾಯಿದೆಯಿದೆಯೆಂದೂ, ಇನ್ನು ಮುಂದೆ ಊರಿನಲ್ಲಿ ಯಾರಿಗಾದರೂ ಅಂಥದು ಸಿಕ್ಕಿದರೆ ಅಕ್ಕಸಾಲಿಗರ ಮನೆಗೆ ಮುಂಚೆ ಕಚೇರಿಗೆ ಹೋಗಬೇಕೆಂದೂ ಹೇಳಿದೆನು. ಅವನು ತಲೆಯಾಡಿಸಿ, ಚಿತ್ರವನ್ನು ತನ್ನ ನೋಟು ಪುಸ್ತಕಕ್ಕೆ ಬರೆದುಕೊಳ್ಳಲೇ ಎಂದು ಕೇಳಿದನು. ಯಾತಕ್ಕೆಂದು ವಿಚಾರಿಸಿದರೆ, ಅತ್ತೆಗೆ ತೋರಿಸಬೇಕೆಂದನು. ತಾನು ಇಷ್ಟು ಕಾಲ ಕಿವಿಯಲ್ಲಿ ಇಟ್ಟುಕೊಂಡಿರುವುದು ಏನೆಂದು ಆ ತಾಯಿಗೆ ತಿಳಿಯಬೇಡವೇ?