ಗ್ಲಾಡ್‌ಸ್ಟನ್ ಮಹಾಶಯನೂ ಈಜಿಪ್ಟಿನ ಯುದ್ಧವೂ

ಪರದೇಶಕ್ಕೆ ಸೈನ್ಯವನ್ನು ಕಳುಹಿಸುವವರು ಯುದ್ಧಪ್ರಿಯರೇ ಆಗಿರುವರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಶಾಂತಿಪ್ರಿಯನೆಂದು ಹೆಸರಾದವನೂ ಆ ಆಜ್ಞೆಗೆ ಸಮ್ಮತಿಸಿದ ಬಗೆಯನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ವಿಲಿಯಂ ಯುವಾರ್ಟ್ ಗ್ಲಾಡ್‌ಸ್ಟನ್ನನ ಜೀವನವನ್ನು ನೋಡಬೇಕು.

ಆತನು ಜನಿಸಿದುದು ೧೮೦೯ನೆಯ ಡಿಸೆಂಬರ್ ೨೯ರಂದು, ಲಿವರ್‌ಪೂಲ್ ನಗರದಲ್ಲಿ. ತಂದೆ ದೊಡ್ಡ ವರ್ತಕ. ವೆಸ್ಟ್ ಇಂಡೀಸಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ ಬಂದ ಹಣವೂ ಆ ಮನೆಯ ಸಿರಿಯಲ್ಲಿ ಸೇರಿತ್ತು. ಈಟನ್, ಆಕ್ಸ್‌ಫರ್ಡುಗಳಲ್ಲಿ ಓದಿ, ೧೮೩೨ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದನು. ೧೮೪೦ರಲ್ಲಿ ಅಫೀಮಿನ ವ್ಯಾಪಾರಕ್ಕಾಗಿ ಚೀಣದ ಮೇಲೆ ನಡೆದ ಯುದ್ಧವನ್ನು ಅನ್ಯಾಯವೆಂದು ಖಂಡಿಸಿದನು. ೧೮೫೦ರಲ್ಲಿ, ಒಬ್ಬ ಬ್ರಿಟಿಷ್ ಪ್ರಜೆಯ ನಷ್ಟಕ್ಕಾಗಿ ಗ್ರೀಸಿನ ಬಂದರಿಗೆ ದಿಗ್ಬಂಧನ ಹಾಕಿಸಿದ ಪಾಮರ್‌ಸ್ಟನ್ನನನ್ನು ಸಭೆಯಲ್ಲಿ ಎದುರಿಸಿದನು. ಆದರೆ ಆತನು ಎಲ್ಲ ಹಸ್ತಕ್ಷೇಪವನ್ನೂ ವಿರೋಧಿಸಿದವನಲ್ಲ. ೧೮೭೬ರಲ್ಲಿ ಬಲ್ಗೇರಿಯದ ಹತ್ಯೆಗಳನ್ನು ಕುರಿತು ಕಿರುಹೊತ್ತಗೆ ಬರೆದು, ತುರ್ಕಿಯ ಅಧಿಕಾರಿಗಳು ಅಲ್ಲಿಂದ ತೊಲಗಬೇಕೆಂದನು. ಯೂರೋಪಿನ ರಾಷ್ಟ್ರಗಳು ಒಮ್ಮತದಿಂದ ನಡೆದರೆ ಹಸ್ತಕ್ಷೇಪ ಧರ್ಮ, ಒಬ್ಬರೇ ಲಾಭಕ್ಕಾಗಿ ನಡೆದರೆ ಅಧರ್ಮ ಎಂಬುದು ಆತನ ಎಣಿಕೆ.

೧೮೭೯ರ ಚಳಿಗಾಲದಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿದ್ದ ಈ ಮುದುಕನು ಸ್ಕಾಟ್ಲೆಂಡಿನ ಮಿಡ್ಲೋಥಿಯನ್ನಿನಲ್ಲಿ ಊರೂರು ಸುತ್ತಿ ಭಾಷಣಮಾಡಿದನು. ಡಿಸ್ರೇಲಿಯ ಸರ್ಕಾರ ಅಫ್ಘಾನಿಸ್ತಾನದಲ್ಲಿಯೂ ಝೂಲೂ ನಾಡಿನಲ್ಲಿಯೂ ಮಾಡಿದ ಯುದ್ಧಗಳೇ ಅವನ ವಿಷಯ. ಹಿಮದ ಗುಡ್ಡಗಳ ಹಳ್ಳಿಗಳಲ್ಲಿರುವ ಅಫ್ಘನರ ಪ್ರಾಣವೂ ದೇವರ ಕಣ್ಣಿನಲ್ಲಿ ತಮ್ಮ ಪ್ರಾಣದಷ್ಟೇ ಪವಿತ್ರವೆಂದು ಆತನು ಹೇಳಿದಾಗ ಸಾವಿರಾರು ಮಂದಿ ನಿಂತು ಕೇಳಿದರು. ೧೮೮೦ರ ಚುನಾವಣೆಯಲ್ಲಿ ಗೆದ್ದು ಎರಡನೆಯ ಸಲ ಪ್ರಧಾನಿಯಾದನು.

ಎರಡೇ ವರ್ಷಗಳಲ್ಲಿ ಪರೀಕ್ಷೆ ಬಂದಿತು. ಈಜಿಪ್ಟು ಸಾಲದಲ್ಲಿ ಮುಳುಗಿತ್ತು. ಅದರ ಬೊಕ್ಕಸದ ಮೇಲೆ ಇಂಗ್ಲೆಂಡು, ಫ್ರಾನ್ಸುಗಳ ಹಿಡಿತವಿತ್ತು. ರೈತರ ಮನೆಯಿಂದ ಬಂದ ಕರ್ನಲ್ ಅಹಮದ್ ಉರಾಬಿಯ ನಾಯಕತ್ವದಲ್ಲಿ ಸೈನಿಕರೂ ಜನರೂ ಎದ್ದರು. ೧೮೮೨ರ ಜೂನ್ ೧೧ರಂದು ಅಲೆಕ್ಸಾಂಡ್ರಿಯದಲ್ಲಿ ದೊಂಬಿಯಾಗಿ ಅನೇಕ ಯೂರೋಪಿಯನರು ಸತ್ತರು. ಗ್ಲಾಡ್‌ಸ್ಟನ್ನನ ಗಮನವಾದರೋ ಐರ್ಲೆಂಡಿನ ಮೇಲಿತ್ತು. ಹಿಂದಿನ ತಿಂಗಳಷ್ಟೇ ಡಬ್ಲಿನ್ನಿನ ಫೀನಿಕ್ಸ್ ಉದ್ಯಾನದಲ್ಲಿ ಅವನ ಹತ್ತಿರದ ಬಂಧುವೂ ಮಂತ್ರಿಯೂ ಆದ ಫ್ರೆಡರಿಕ್ ಕ್ಯಾವೆಂಡಿಷನ ಕೊಲೆಯಾಗಿತ್ತು. ಮಂತ್ರಿಮಂಡಲದಲ್ಲಿ ಹಾರ್ಟಿಂಗ್ಟನ್ ಮೊದಲಾದವರು ಬಲಪ್ರಯೋಗವಾಗಲೇಬೇಕೆಂದರು. ಬಂದರಿನಲ್ಲಿದ್ದ ಅಡ್ಮಿರಲ್ ಸೀಮೋರ್, ಕೋಟೆಯ ಕೆಲಸ ನಿಲ್ಲದಿದ್ದರೆ ಗುಂಡಿಡಲು ಅನುಮತಿ ಬೇಡಿದನು. ಪ್ರಧಾನಿ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದನು. ಜುಲೈ ೧೧ರಂದು ತೋಪುಗಳು ಹಾರಿದವು. ಫ್ರೆಂಚರ ಹಡಗುಗಳು ಮೊದಲೇ ಹೊರಟುಹೋಗಿದ್ದವು. ಅವರ ಶಾಸನಸಭೆ ಯುದ್ಧಕ್ಕೆ ಹಣಕೊಡಲು ನಿರಾಕರಿಸಿ ಮಂತ್ರಿಮಂಡಲವನ್ನೇ ಉರುಳಿಸಿತು. ಇಂಗ್ಲೆಂಡಿನ ಸಭೆಯಾದರೋ ಕೇಳಿದ ಹಣವನ್ನೆಲ್ಲ ಕೊಟ್ಟಿತು.

ಹಳೆಯ ಗೆಳೆಯ ಜಾನ್ ಬ್ರೈಟ್ ಮಾತ್ರ ತನ್ನ ಮನಸ್ಸಾಕ್ಷಿಗೆ ಇದು ಸಲ್ಲದೆಂದು ರಾಜೀನಾಮೆಯಿತ್ತನು. ಶಾಂತಿಸ್ಥಾಪನೆಗಾಗಿಯೇ ಈ ಕಾರ್ಯವೆಂದು ಗ್ಲಾಡ್‌ಸ್ಟನ್ ಅವನನ್ನು ಒಪ್ಪಿಸಲು ನೋಡಿದುದು ವ್ಯರ್ಥವಾಯಿತು. ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು: ಪ್ರಧಾನಿಯ ಸ್ವಂತ ಹಣದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಈಜಿಪ್ಟಿನ ಕಪ್ಪಕಾಣಿಕೆಯನ್ನು ಆಧಾರವಾಗಿಟ್ಟ ಸಾಲಪತ್ರಗಳಲ್ಲಿದ್ದಿತು. ಅದಕ್ಕಾಗಿಯೇ ಯುದ್ಧ ಮಾಡಿದನೆನ್ನುವುದು ಅತಿಯಾದೀತು. ಆದರೂ ಸಾಲಗಾರರ ಅಳಲು ಅವನಿಗೆ ಬೇಗ ಕೇಳಿಸಿತೆನ್ನಬಹುದು.

ವುಲ್ಸ್‌ಲಿಯ ಸೈನ್ಯವು ಸೆಪ್ಟೆಂಬರ್ ೧೩ರ ಬೆಳಗಿನ ಜಾವ ತೆಲ್-ಎಲ್-ಕೆಬೀರಿನಲ್ಲಿ ಉರಾಬಿಯನ್ನು ಸೋಲಿಸಿತು. ಭಾರತದಿಂದಲೂ ಪಡೆ ಹೋಗಿತ್ತು. ಬೆಂಗಳೂರಿನಲ್ಲಿ ನೆಲೆಯುಳ್ಳ ಮದರಾಸು ಸ್ಯಾಪರ್ಸ್ ಆ ಯುದ್ಧದ ಬಿರುದನ್ನು ಪಡೆದಿದೆ. ಅಲ್ಲಿಗೆ ಹೋದವರ ಮನೆಗಳಲ್ಲಿ ಆ ಊರಿನ ಹೆಸರನ್ನಾದರೂ ಯಾರು ಕೇಳಿದ್ದರು! ಆ ವೆಚ್ಚದ ಒಂದು ಪಾಲನ್ನು ಭಾರತದ ಬೊಕ್ಕಸದ ಮೇಲೆ ಹೊರಿಸಿದಾಗ, ಇಲ್ಲಿನ ವೈಸರಾಯ್ ರಿಪ್ಪನ್ ಪ್ರಭುವಿನ ಸರ್ಕಾರವೇ ಪ್ರತಿಭಟಿಸಿತು. ಉರಾಬಿಯನ್ನು ಸಿಂಹಳಕ್ಕೆ ಗಡೀಪಾರು ಮಾಡಿದರು; ತಾಯ್ನಾಡಿಗೆ ಹಿಂದಿರುಗಲು ಅವನಿಗೆ ೧೯೦೧ರವರೆಗೆ ಕಾಯಬೇಕಾಯಿತು.

ಬೇಗನೆ ಹಿಂತಿರುಗುವೆವೆಂದು ಗ್ಲಾಡ್‌ಸ್ಟನ್ ಮಾತುಕೊಟ್ಟಿದ್ದನು. ಆದರೆ ಈಜಿಪ್ಟಿನೊಡನೆ ಸೂಡಾನಿನ ಬಂಡಾಯವೂ ಕೊರಳಿಗೆ ಬಿದ್ದಿತು. ಅಲ್ಲಿಂದ ಜನರನ್ನು ಹೊರತರಲು ೧೮೮೪ರಲ್ಲಿ ಹೋದ ಜನರಲ್ ಗಾರ್ಡನ್ ಖಾರ್ಟೂಮಿನಲ್ಲಿ ಸಿಕ್ಕಿಕೊಂಡನು. ಬಿಡಿಸಲು ಸೈನ್ಯ ಕಳುಹಿಸಬೇಕೇ ಬೇಡವೇ ಎಂದು ತಿಂಗಳುಗಟ್ಟಲೆ ತಡಮಾಡಿದ ಪ್ರಧಾನಿಯು ಕೊನೆಗೆ ಕಳುಹಿಸಿದ ಪಡೆ ೧೮೮೫ರ ಜನವರಿ ೨೮ರಂದು ತಲುಪುವ ವೇಳೆಗೆ, ಗಾರ್ಡನ್ ಹತನಾಗಿ ಎರಡು ದಿನಗಳಾಗಿದ್ದವು. ಹಿಂದೆ ಹೊಗಳಿದ ಜನರೇ ಈಗ ಅವನನ್ನು ಕೊಲೆಗಾರನೆಂದರು. ರಾಣಿ ವಿಕ್ಟೋರಿಯ ಗುಪ್ತಲಿಪಿಯಿಲ್ಲದ ತೆರೆದ ತಂತಿಯಲ್ಲಿ ಗದರಿಸಿದಳು. ಆ ವರ್ಷವೇ ಸರ್ಕಾರ ಬಿದ್ದಿತು.

ಮತ್ತೆರಡು ಸಲ ಪ್ರಧಾನಿಯಾಗಿ, ಐರ್ಲೆಂಡಿನ ಸ್ವರಾಜ್ಯಕ್ಕಾಗಿ ಹೋರಾಡಿ, ನೌಕಾಬಲದ ವೆಚ್ಚ ಹೆಚ್ಚುವುದನ್ನು ಒಪ್ಪದೆ ೧೮೯೪ರಲ್ಲಿ ಅಧಿಕಾರ ಬಿಟ್ಟ ಗ್ಲಾಡ್‌ಸ್ಟನ್, ೧೮೯೮ರ ಮೇ ೧೯ರಂದು ಹಾವರ್ಡನ್ನಿನ ಮನೆಯಲ್ಲಿ ತೀರಿಕೊಂಡನು. ಬೇಗನೆ ಬರುವುದೆಂದು ಆತನು ಹೇಳಿದ್ದ ಆ ಸೈನ್ಯದ ಕಡೆಯ ತುಕಡಿ ಈಜಿಪ್ಟನ್ನು ಬಿಟ್ಟದ್ದು ೧೯೫೬ರ ಜೂನ್ ತಿಂಗಳಲ್ಲಿ.